ಪ್ರೀಯೋ, ಪೋಸ್ಟೋ

ಬೇಸ್ ಗಿಟಾರ್ ನುಡಿಸುವವನಿಗೆ ಪ್ರಿಆಂಪ್ ಪೆಡಲ್ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಒಂದನ್ನು ಎಲ್ಲರ ಮುಂದೆ ಹೇಳುತ್ತೇನೆ. ಇನ್ನೊಂದನ್ನು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಈ ಬರಹ ಅದಕ್ಕಾಗಿ.

ಎಲ್ಲರ ಮುಂದೆ ಹೇಳುವುದು ವಿದ್ಯುತ್ತಿನ ವಿಷಯ. ನನ್ನದು ಪ್ಯಾಸಿವ್ ಬೇಸ್, ಒಳಗೆ ಬ್ಯಾಟರಿ ಇಲ್ಲ. ಅಯಸ್ಕಾಂತಕ್ಕೆ ಸುತ್ತಿದ ತಂತಿಯಿಂದ ಹೊರಡುವ ಸಿಗ್ನಲ್ ದುರ್ಬಲ, ಅದರ ಇಂಪೀಡೆನ್ಸ್ ಹೆಚ್ಚು. ಅದನ್ನು ಹಾಗೇ ಉದ್ದದ ಕೇಬಲ್ಲಿನಲ್ಲಿ ಮಿಕ್ಸರ್‌ವರೆಗೆ ಎಳೆದರೆ ದಾರಿಯಲ್ಲೇ ಹೊಳಪು ಹೋಗುತ್ತದೆ, ಮೇಲೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವುದೂ ಸೇರಿಕೊಳ್ಳುತ್ತದೆ. ಪ್ರಿಆಂಪ್ ಆ ಸಿಗ್ನಲ್ಲನ್ನು ಸುಮಾರು 10 ಲಕ್ಷ ಓಮ್‌ನ ಇನ್‌ಪುಟ್‌ನಲ್ಲಿ ಭಾರ ಹೇರದೆ ಪಡೆದು, ಬಲ ಕೊಟ್ಟು, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಬ್ಯಾಲೆನ್ಸ್ಡ್ ಆಗಿ ಕಳಿಸುತ್ತದೆ. ಇದು ಹೊಸದೇನಲ್ಲ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದಲ್ಲೇ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಫೆಂಡರ್ ಪ್ರಿಸಿಷನ್ ಬೇಸ್ ನೇರವಾಗಿ ಕನ್ಸೋಲಿಗೆ ಹೋಗುತ್ತಿತ್ತು. ಆಗ ಅದಕ್ಕೆ ಸ್ಟುಡಿಯೋದ ಸಲಕರಣೆ ಬೇಕಿತ್ತು. ಈಗ ಅದೇ ಕೆಲಸ ಅಂಗೈಯಗಲದ ಲೋಹದ ಡಬ್ಬಿಯಲ್ಲಿ ಆಗುತ್ತದೆ, ಜೊತೆಗೆ ಬೇಸ್, ಮಿಡ್, ಟ್ರೆಬಲ್ ಗುಂಡಿಗಳೂ ಸಿಗುತ್ತವೆ.

ಹೇಳದೇ ಉಳಿದ ಉತ್ತರ ಇದು: ನನ್ನ ದನಿಯನ್ನು ಬೇರೆ ಯಾರೂ ಮುಟ್ಟಬಾರದು ಎಂಬ ಆಸೆ ನನಗಿತ್ತು.

ಮೈಸೂರು ಸುತ್ತಮುತ್ತಲ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತೇನೆ. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬ. ಬಸ್ಸಿನಲ್ಲಿ ಹೋಗಿ ಬರುವುದರಿಂದ ದೊಡ್ಡ ಪೆಡಲ್ ಬೋರ್ಡ್ ಹೊರುವ ಮಾತೇ ಇಲ್ಲ. ನನ್ನದು ಪೆಡಲ್‌ಟ್ರೇನ್ ನ್ಯಾನೋ, 14 ಇಂಚು ಉದ್ದ, ಐದೂವರೆ ಇಂಚು ಅಗಲ. ಟ್ಯೂನರ್ ಮತ್ತು ಕಂಪ್ರೆಸರ್ ಕೂತ ಮೇಲೆ ಅಲ್ಲಿ ಇನ್ನೊಂದಕ್ಕೆ ಜಾಗವಿರುತ್ತದೆ, ಅಷ್ಟೆ. ಲೀಡ್ ಗಿಟಾರಿನವರ ಹಾಗೆ ಇಂದು ಒಂದು, ನಾಳೆ ಇನ್ನೊಂದು ಎಂದು ಸೇರಿಸಿಕೊಂಡು ಹೋಗಲಾಗದು. ಆ ಒಂದೇ ಜಾಗಕ್ಕೆ ಯಾವುದನ್ನು ತರಬೇಕು ಎಂಬುದನ್ನು ತಿಂಗಳುಗಟ್ಟಲೆ ಯೋಚಿಸಿದೆ. ಯೋಚಿಸುತ್ತಾ ಹೋದಂತೆ ಪ್ರಶ್ನೆ ಪೆಡಲ್ಲಿನದಾಗಿ ಉಳಿಯಲಿಲ್ಲ.

ಮೊದಲು ಮನಸ್ಸು ಹೋದದ್ದು ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ಕಡೆಗೆ. ನ್ಯೂಯಾರ್ಕ್‌ನ ಟೆಕ್ 21 ಕಂಪನಿಯ ಆಂಡ್ರ್ಯೂ ಬಾರ್ಟಾ 1989ರಲ್ಲಿ ಸ್ಯಾನ್ಸ್‌ಆಂಪ್ ಹೊರತಂದರು. ಟ್ಯೂಬ್ ಆಂಪ್ಲಿಫೈಯರ್ ಮತ್ತು ಅದರ ಮುಂದಿಟ್ಟ ಮೈಕ್ ಎರಡರ ಗುಣವನ್ನೂ ಚಿಕ್ಕ ಸರ್ಕ್ಯೂಟಿನಲ್ಲೇ ಕೊಡುವುದು ಅದರ ಹೆಗ್ಗಳಿಕೆ. 1990ರ ದಶಕದಲ್ಲಿ ಬಂದ ಅದರ ಬೇಸ್ ರೂಪ ಜಗತ್ತಿನ ಎಷ್ಟೋ ವೇದಿಕೆಗಳಲ್ಲಿ ಇಂದಿಗೂ ಕಾಣುತ್ತದೆ. ಮಿಕ್ಸರಿನಿಂದ ಬರುವ 48 ವೋಲ್ಟ್ ಫ್ಯಾಂಟಮ್ ಪವರ್‌ನಿಂದಲೂ ಅದು ನಡೆಯುತ್ತದೆ. ಹಳೆಯ ಮಾದರಿಯಲ್ಲಿ ಮಿಡ್ ಗುಂಡಿ ಇರಲಿಲ್ಲ. ಬೇಸ್ ಮತ್ತು ಟ್ರೆಬಲ್ ಎದ್ದು, ನಡುವೆ ತಗ್ಗು ಬಿದ್ದ ದನಿ ಅದು. ಗೆಳೆಯರೊಬ್ಬರದನ್ನು ಮನೆಗೆ ತಂದು ಹಾಕಿ ನುಡಿಸಿದಾಗ ಮೈ ಜುಮ್ಮೆಂದಿತು. ಕೆಳಗೆ ಗುಡುಗು, ಮೇಲೆ ತಂತಿಯ ಮಿಂಚು. ನಾನು ಇಷ್ಟು ಚೆನ್ನಾಗಿ ನುಡಿಸುತ್ತೇನೆಯೇ ಎನ್ನಿಸಿತು.

ಈ ಕೊನೆಯ ಮಾತನ್ನು ನಾನು ಬಹಳ ಹೊತ್ತು ಹಿಡಿದು ನೋಡಿದ್ದೇನೆ. ಆ ಕೋಣೆಯಲ್ಲಿ ಹಾಡುವವರಿರಲಿಲ್ಲ, ಆಕ್ಟೋಪ್ಯಾಡ್ ಇರಲಿಲ್ಲ, ಢೋಲಕ್ ಇರಲಿಲ್ಲ, ಕೀಬೋರ್ಡಿನವರ ಎಡಗೈ ಇರಲಿಲ್ಲ. ಇದ್ದದ್ದು ನಾನೊಬ್ಬನೇ. ಒಬ್ಬನೇ ಇದ್ದಾಗ ಇಷ್ಟವಾದ ದನಿ ಅದು, ಮತ್ತು ಹಾಗೆ ಇಷ್ಟವಾಗುವುದಕ್ಕೆ ಕಿವಿಯಲ್ಲೇ ಕಾರಣವಿದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತೋರಿಸಿಕೊಟ್ಟಿತು. ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಕಂಪನಗಳು ಕಡಿಮೆ ಕೇಳುತ್ತವೆ, ನಡುವಿನವು ಹೆಚ್ಚು ಕೇಳುತ್ತವೆ. ಶಬ್ದ ಏರಿದಂತೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ಹಾಗಾಗಿ ಮನೆಯಲ್ಲಿ ನೆರೆಯವರಿಗೆ ತೊಂದರೆಯಾಗದ ಹಾಗೆ ಮೆಲ್ಲಗೆ ನುಡಿಸುವಾಗ ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸಿದರೆ ತುಂಬಿದಂತೆ ಕೇಳುತ್ತದೆ. ಅದೇ ಗುಂಡಿಗಳನ್ನು ಅದೇ ಜಾಗದಲ್ಲಿಟ್ಟು ಮೈದಾನದ ಸಬ್‌ವೂಫರಿಗೆ ಕಳಿಸಿದರೆ ಕೆಳಗೆ ಬರೀ ಗದ್ದಲ, ಮೇಲೆ ತಂತಿಯ ಟಿಕ್ ಟಿಕ್. ಸ್ವರ ಯಾವುದು ಎನ್ನುವುದೇ ಗೊತ್ತಾಗುವುದಿಲ್ಲ. ಸ್ವರದ ಗುರುತು ಇರುವುದು ನಡುವಿನಲ್ಲಿ, ಅಂದಾಜು 250ರಿಂದ 1000 ಹರ್ಟ್ಸ್‌ನೊಳಗೆ.

ಇದಕ್ಕೆ ಸಾಕ್ಷಿಯಾಗಿ ನಮ್ಮ ಹಾಡುಗಳನ್ನೇ ತೆಗೆದುಕೊಳ್ಳಿ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’, ಎರಡಕ್ಕೂ ಇಳಯರಾಜ ಅವರ ಸಂಗೀತ. ಈ ಹಾಡುಗಳಿಲ್ಲದೆ ನಮ್ಮ ಆರ್ಕೆಸ್ಟ್ರಾದ ರಾತ್ರಿ ಮುಗಿಯುವುದಿಲ್ಲ. ಅವುಗಳಲ್ಲಿ ಬೇಸ್ ಬರೀ ತಾಳಕ್ಕೆ ಒತ್ತಾಸೆ ಕೊಡುವುದಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡಾಗಿ ನಡೆಯುತ್ತದೆ. ಚಿಕ್ಕಂದಿನಲ್ಲಿ ನಾನು ಅವನ್ನು ಕೇಳಿದ್ದು ಅಪ್ಪನ ಟ್ರಾನ್ಸಿಸ್ಟರಿನಲ್ಲಿ. ಬೇಸಿನ ದಪ್ಪ ಇ ತಂತಿಯ ಮೂಲ ಕಂಪನ 41 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರಿನಿಂದ ಅದು ಹೊರಡುವುದು ಸಾಧ್ಯವೇ ಇಲ್ಲ. ಹೊರಡುವುದು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಿರುವ ಮೇಲಿನ ಕಂಪನಗಳು. ಅವನ್ನು ಕೇಳಿ ನಮ್ಮ ಮಿದುಳು ಇಲ್ಲದ ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ನಾನು ಬೇಸ್ ಹಿಡಿಯಲು ಕಾರಣವಾದ ಆ ದನಿ ನನ್ನನ್ನು ಮುಟ್ಟಿದ್ದೇ ಮಿಡ್‌ನ ದಾರಿಯಿಂದ. ಆದರೂ ಮನೆಯಲ್ಲಿ ಮಿಡ್ ಇಳಿಸಿದ ದನಿಗೆ ಮರುಳಾಗುತ್ತೇನೆ. ಆ ಮೋಹ ಈಗಲೂ ಹೋಗಿಲ್ಲ.

ಉಳಿದ ಪೆಡಲ್‌ಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಫಿನ್‌ಲೆಂಡಿನ ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್‌ನವರ ಬಿ7ಕೆ ಒರಟು ಡಿಸ್ಟಾರ್ಷನ್‌ಗೆ ಹೆಸರುವಾಸಿ, ಮೆಟಲ್ ನುಡಿಸುವವರಿಗೆ ಅದು ಸರಿ. ಭಾವಗೀತೆಗೂ ಹಳೆಯ ಚಿತ್ರಗೀತೆಗೂ ಅದರಿಂದ ಆಗುವುದೇನಿಲ್ಲ. ಅಗ್ಯುಲಾರ್ ಕಂಪನಿಯ ಟೋನ್ ಹ್ಯಾಮರ್ ದನಿ ನನಗೆ ಬಹಳ ಹಿಡಿಸಿತು, ಅದರಲ್ಲಿ ಮಿಡ್‌ನ ಜಾಗವನ್ನೂ ಸರಿಸಬಹುದು. ಆದರೆ ಅಗಲ ಜಾಸ್ತಿ, ನನ್ನ ಬೋರ್ಡಿನ ಮೇಲೆ ಕೂರಲಿಲ್ಲ. ಎಂಎಕ್ಸ್‌ಆರ್ ಎಂ81 ಬೇಸ್ ಪ್ರಿಆಂಪ್ ಆ ಕಂಪನಿಯ ಮಾಮೂಲು ಚಿಕ್ಕ ಡಬ್ಬಿಯಲ್ಲೇ ಬರುತ್ತದೆ. ಇನ್‌ಪುಟ್, ಔಟ್‌ಪುಟ್ ಗುಂಡಿಗಳು ಬೇರೆ ಬೇರೆ, ಬೇಸ್, ಮಿಡ್, ಟ್ರೆಬಲ್ ಎಂಬ ಮೂರು ಬ್ಯಾಂಡಿನ ಈಕ್ಯೂ, ಸರಿಸಬಲ್ಲ ಮಿಡ್, ಎಕ್ಸ್‌ಎಲ್‌ಆರ್ ಔಟ್, ಗುಂಯ್‌ಗುಡುವುದನ್ನು ಬಿಡಿಸಲು ಗ್ರೌಂಡ್ ಲಿಫ್ಟ್. ಇಲ್ಲೊಂದು ಮಾತು ಸೇರಿಸಬೇಕು. ಗ್ರೌಂಡ್ ಲಿಫ್ಟ್ ಬಿಡಿಸುವುದು ಆಡಿಯೋ ಕೇಬಲ್ಲಿನ ಗ್ರೌಂಡನ್ನು ಮಾತ್ರ. ಕರೆಂಟಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತು ಆ ಗುಂಯ್ ಸದ್ದನ್ನು ನಿಲ್ಲಿಸುವವರನ್ನು ಎಷ್ಟೋ ಪೆಂಡಾಲುಗಳಲ್ಲಿ ಕಂಡಿದ್ದೇನೆ. ಅದು ಜೀವಕ್ಕೆ ಅಪಾಯ, ದಯವಿಟ್ಟು ಮಾಡಬೇಡಿ.

ಆ ಎಂ81ರಲ್ಲಿ ಇನ್ನೊಂದು ಪುಟ್ಟ ಸ್ವಿಚ್ಚಿದೆ, ಪ್ರೀ ಮತ್ತು ಪೋಸ್ಟ್. ನನ್ನನ್ನು ಕಾಡಿದ್ದು ಅದು. ಪೋಸ್ಟ್‌ನಲ್ಲಿಟ್ಟರೆ ನಾನು ಗುಂಡಿ ತಿರುಗಿಸಿ ಮಾಡಿದ ದನಿಯೇ ಎಕ್ಸ್‌ಎಲ್‌ಆರ್‌ನಲ್ಲಿ ಮಿಕ್ಸರಿಗೆ ಹೋಗುತ್ತದೆ. ಪ್ರೀನಲ್ಲಿಟ್ಟರೆ ಮಿಕ್ಸರಿಗೆ ಹೋಗುವುದು ಈಕ್ಯೂ ಮುಟ್ಟದ ಬರಿಯ ಬೇಸ್. ನನ್ನ ಈಕ್ಯೂ ಇನ್ನೊಂದು ಜಾಕಿನಿಂದ ನನ್ನ ಪಕ್ಕದ ಸಣ್ಣ ಆಂಪ್‌ಗೆ, ಎಂದರೆ ನನ್ನ ಕಿವಿಗೆ ಮಾತ್ರ. ಪೋಸ್ಟ್ ಎಂದರೆ ನಾನು ತೀರ್ಮಾನಿಸಿದ್ದೇನೆ, ಹಾಗೇ ಕೇಳಿಸಿ ಎಂದಂತೆ. ಪ್ರೀ ಎಂದರೆ ನೀವು ನೋಡಿಕೊಳ್ಳಿ ಎಂದಂತೆ. ಆಗ ನಾನು ಎರಡನೆಯದನ್ನು ಹೇಳುವವನಾಗಿರಲಿಲ್ಲ.

ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಬೇಸನ್ನು ಬರೀ ಗುಡುಗು ಮಾಡಿಬಿಡುವ ಸೌಂಡಿನವರನ್ನು ಕಂಡಿದ್ದೆ. ಹಾಡುಗಾರರ ಮೈಕಿಗೆ ಗಂಟೆಗಟ್ಟಲೆ ಸಮಯ ಕೊಟ್ಟು ಬೇಸಿಗೆ ನಿಮಿಷವೂ ಕೊಡದವರನ್ನೂ ಕಂಡಿದ್ದೆ. ಆದರೆ ಒಂದು ಸಂಜೆ ಮಿಕ್ಸರ್ ಮುಂದಿದ್ದ ಹುಡುಗ ಹೇಳಿದ, ‘ಅಣ್ಣ, ನೀವು ಫ್ಲಾಟ್ ಕೊಟ್ಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ. ನೀವು ನಿಂತಿರೋ ಕಡೆ ಬೇಸ್ ಸರಿಯಾಗಿ ಕೇಳಲ್ಲ.’ ಕೋಪ ಬಂತು. ಮನೆಗೆ ಬಂದು ಅವನ ಮಾತನ್ನು ಯೋಚಿಸಿದಾಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. 41 ಹರ್ಟ್ಸ್‌ನ ಶಬ್ದದ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಯನ್ನು ಸ್ಪೀಕರಿನ ಡಬ್ಬಿ ಮುಂದಕ್ಕೆ ಮಾತ್ರ ತಳ್ಳಲಾರದು, ಅದು ಸುತ್ತಲೂ ಹರಡಿ ವೇದಿಕೆಯ ಮೇಲೂ ಬರುತ್ತದೆ. ಮೇಲಿನ ಕಂಪನಗಳು ಮಾತ್ರ ಹಾರ್ನ್ ತಿರುಗಿದ ದಿಕ್ಕಿಗೆ, ಜನರ ಕಡೆಗೆ ಹೋಗುತ್ತವೆ. ಸ್ಪೀಕರಿನ ಹಿಂದೆ ನಿಂತ ನನಗೆ ಕೇಳುವುದು ಜನರಿಗೆ ಕೇಳುವ ದನಿಯಲ್ಲ. ಇಡೀ ಮೈದಾನದಲ್ಲಿ ನನ್ನ ಬೇಸಿನ ಬಗ್ಗೆ ತೀರ್ಪು ಕೊಡಲು ಅತಿ ಕೆಟ್ಟ ಜಾಗದಲ್ಲಿ ನಿಂತವನು ನಾನೇ. ಹಾಗಿದ್ದೂ ತೀರ್ಪು ನನ್ನದೇ ಆಗಬೇಕೆಂದು ಹಟ ಹಿಡಿದಿದ್ದೆ.

ಯಾಕೆ? ಇದನ್ನು ನನ್ನ ಹೆಂಡತಿ ಒಂದೇ ಮಾತಿನಲ್ಲಿ ಹೇಳಿದಳು. ‘ನೀವು ನುಡಿಸಿದ್ದು ಕೇಳಿಸ್ತು ಅಂತ ಯಾರಾದ್ರೂ ಬಂದು ಹೇಳ್ಬೇಕು ನಿಮಗೆ, ಅಲ್ವಾ?’ ಅದು ನಿಜ. ಕಾರ್ಯಕ್ರಮ ಮುಗಿದ ಮೇಲೆ ಹಾಡಿದವರ ಸುತ್ತ ಜನ ಸೇರುತ್ತಾರೆ, ಕೊಳಲಿನವರ ಕೈ ಕುಲುಕುತ್ತಾರೆ. ಬೇಸಿನವನ ಬಳಿ ಬರುವವರು ಕಡಿಮೆ. ಅದರ ನೋವು ನನಗಿತ್ತು, ಇದೆ. ನುಡಿಸುವ ಸ್ವರಗಳು ಹಾಡಿನವು, ತಾಳ ಎಲ್ಲರದು. ನನ್ನದು ಎಂದು ಹೇಳಿಕೊಳ್ಳಲು ಉಳಿದದ್ದು ದನಿಯ ಬಣ್ಣ ಒಂದೇ ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಅದನ್ನೂ ಒಬ್ಬ ಅಪರಿಚಿತ ಹುಡುಗನ ಕೈಗೆ ಕೊಟ್ಟರೆ ವೇದಿಕೆಯ ಮೇಲೆ ನಾನು ಎಲ್ಲಿದ್ದೇನೆ ಎಂಬ ಭಯ. ಪೆಡಲ್ ಹುಡುಕುತ್ತಾ ನಾನು ಹುಡುಕಿದ್ದು ಆ ಭಯಕ್ಕೊಂದು ಬೀಗ.

ಆದರೆ ಸುಮ್ಮನೆ ಕೂತು ಲೆಕ್ಕ ಹಾಕಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಯಾವ ಸ್ವರದ ಮೇಲೆ ನಿಲ್ಲುತ್ತೇನೆ, ಢೋಲಕ್ಕಿನ ಎಡಗೈಗೆ ಮುಂಚೆ ಬೀಳುತ್ತೇನೋ ಅದರ ಮೇಲೇ ಬೀಳುತ್ತೇನೋ, ಎಲ್ಲಿ ಮೌನವಾಗಿರುತ್ತೇನೆ, ಇವೆಲ್ಲ ನನ್ನ ಬೆರಳಿನಲ್ಲೇ ತೀರ್ಮಾನವಾಗುತ್ತವೆ. ಇವನ್ನು ಯಾವ ಮಿಕ್ಸರೂ ಬದಲಿಸಲಾರದು. ಜೇಮರ್ಸನ್ ಅವರ ದನಿಯಲ್ಲಿ ಎಷ್ಟು ಪಾಲು ಕನ್ಸೋಲಿನದು, ಎಷ್ಟು ಆ ಕೈಯದು ಎಂದು ಕೇಳಿದರೆ ಬೇಸ್ ಹಿಡಿದ ಯಾರಾದರೂ ಕೈಯದೇ ಹೆಚ್ಚು ಎನ್ನುತ್ತಾರೆ. ನಾನೂ ಅದನ್ನೇ ಎನ್ನುತ್ತೇನೆ. ಅವರ ಬಗ್ಗೆ ನಂಬುವುದನ್ನು ನನ್ನ ಬಗ್ಗೆಯೂ ನಂಬುವುದು ಮಾತ್ರ ಕಷ್ಟವಾಗಿತ್ತು.

ಕೊನೆಗೆ ತಂದದ್ದು ಎಂ81. ಬೇಸ್ ಮತ್ತು ಟ್ರೆಬಲ್ ಗುಂಡಿಗಳು ನೆಟ್ಟಗೆ ನಡುವಿನಲ್ಲಿವೆ. ಮಿಡ್ ಒಂದಿಷ್ಟು ಏರಿದೆ. ಮಿಕ್ಸರ್ ಮುಂದೆ ಕೊನೆಯವರೆಗೂ ಕೂತು ಕೇಳುವವರಿದ್ದರೆ ಸ್ವಿಚ್ಚು ಪ್ರೀನಲ್ಲಿರುತ್ತದೆ. ಗುಡಿಯ ಅಂಗಳದ ಸಣ್ಣ ಕಾರ್ಯಕ್ರಮಗಳಲ್ಲಿ ಹಾಗೆ ಕೂರುವವರು ಇರುವುದಿಲ್ಲ, ಅಲ್ಲಿ ಪೋಸ್ಟ್. ಪ್ರೀಗೆ ಸರಿಸುವಾಗ ಇಂದಿಗೂ ಎದೆಯಲ್ಲಿ ಸಣ್ಣದೊಂದು ಅಳುಕು ಬರುತ್ತದೆ. ಅದು ಪೂರ್ತಿ ಹೋದೀತೆಂದು ನನಗೆ ಅನ್ನಿಸುವುದಿಲ್ಲ.

ಚಿಕ್ಕ ಬೋರ್ಡಿಗೆ ಪ್ರಿಆಂಪ್ ಹುಡುಕುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ಮಿಡ್ ಗುಂಡಿ ಇಲ್ಲದ್ದನ್ನು ಕೊಳ್ಳಬೇಡಿ. ನಿಮ್ಮ ಪವರ್ ಸಪ್ಲೈ ಅದಕ್ಕೆ ಬೇಕಾದಷ್ಟು ಮಿಲಿಆಂಪ್ ಕೊಡುತ್ತದೆಯೇ, 9 ವೋಲ್ಟಿನ ಪಿನ್ನಿನ ನಡುವೆ ನೆಗೆಟಿವ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಕೊಳ್ಳುವ ಮೊದಲು ಒಮ್ಮೆ ಸೌಂಡ್ ಚೆಕ್ ಹೊತ್ತಿನಲ್ಲಿ ನಿಮ್ಮ ಬೇಸನ್ನು ಗೆಳೆಯರ ಕೈಗೆ ಕೊಟ್ಟು ಇಳಿದು ಹೋಗಿ, ಇಡೀ ತಂಡ ನುಡಿಸುತ್ತಿರುವಾಗ ಕೊನೆಯ ಸಾಲಿನ ಕುರ್ಚಿಯ ಹಿಂದೆ ನಿಂತು ಕೇಳಿ, ಆಮೇಲೆ ಮಿಕ್ಸರ್ ಮುಂದೆ ಕೂತವರಿಗೆ ಏನು ಬೇಕು ಎಂದು ಕೇಳಿ ತಿಳಿದುಕೊಳ್ಳಿ.