ಬೀಜದ ಕಗ್ಗ

ಅಘನಾಶಿನಿಯ ದಡದ ನಮ್ಮೂರ ಯಕ್ಷಗಾನ ಸಂಘದ ಲೆಕ್ಕಪತ್ರವನ್ನು ಕೆಲವು ವರ್ಷ ನಾನೇ ನೋಡಿಕೊಂಡೆನು. ಚಂದಾಹಣ ಕುಂದಿದ ವರ್ಷ, ಹುಡುಗರಿಗೆ ತಾಳ ಕಲಿಸುತ್ತಿದ್ದ ಭಾಗವತರ ಸಂಭಾವನೆಯನ್ನೇ ಮೊದಲು ನಿಲ್ಲಿಸಿದವನೂ ನಾನೇ. ಕಿರೀಟಗಳು ಪೆಟ್ಟಿಗೆಯಲ್ಲಿ ಉಳಿದವು, ತೊಡುವವರು ಉಳಿಯಲಿಲ್ಲ.

ಹೊನ್ನಾವರ ಸೀಮೆಯ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವು ಬಯಲಲ್ಲಿ ಆಡಿತು, ಕೆಲಕಾಲ ಡೇರೆ ಹೊತ್ತು ತಿರುಗಿತು, ಡೇರೆಯನ್ನೂ ಇಳಿಸಿತು. ಆದರೆ ಅವರ ಪುತ್ರ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನು ತೆರೆದು ಕಲಿಸತೊಡಗಿದರು. 2009ರಲ್ಲಿ ಅವರು ಅಗಲಿದ ಮೇಲೂ ಮೇಳವು ನಿಲ್ಲಲಿಲ್ಲ. ಅವರ ಪುತ್ರ ಶಿವಾನಂದ ಹೆಗಡೆಯವರು ಮುನ್ನಡೆಸಿದರು.

ನಮ್ಮ ಗಜನಿಯ ರೈತನು ಹಸಿದರೂ ಬೀಜದ ಕಗ್ಗವನ್ನು ಕುಟ್ಟಿ ಉಣ್ಣನು. ಲೆಕ್ಕ ಬಲ್ಲ ನಾನು ಉಂಡುಬಿಟ್ಟೆನು.