ತಾಮ್ರದ ಮೈಬಣ್ಣ

ತಾಮ್ರದ ನಾಣ್ಯಗಳ ಹುಚ್ಚು ಹತ್ತಿಸಿಕೊಳ್ಳುವುದಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಊರಿಲ್ಲ. 1782ರಿಂದ 1799ರವರೆಗೆ ಆಳಿದ ಟಿಪ್ಪುವಿನ ಆನೆ ಪೈಸೆಗಳು ಇಲ್ಲಿನ ಟಂಕಸಾಲೆಯಲ್ಲೂ ಅಚ್ಚಾದವು. ಆ ಚಿಲ್ಲರೆ ಕಾಸುಗಳಿಗೆ ಅವನು ಆಕಾಶದ ಹೆಸರುಗಳನ್ನಿಟ್ಟ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರೆಪೈಸೆಗೆ ಬಹ್ರಾಮ್, ಅಂದರೆ ಮಂಗಳ.

ಕೆ.ಆರ್. ಪೇಟೆಯ ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಿಂದ ನನಗೆ ಬಂದದ್ದು ಒಂದು ಜೊಹ್ರಾ. ಆನೆಯ ಬೆನ್ನು, ಸೊಂಡಿಲು ಕೈತಾಗಿ ಸವೆದು ಕಂದು. ಕಾಲುಗಳ ನಡುವಿನ ತಗ್ಗಿನಲ್ಲಿ ಕಾಡಿಗೆಗಪ್ಪು. ಅಂಚಿನ ಒಂದು ಕಡೆ ಮಾತ್ರ ನವಿಲು ಹಸಿರಿನ ಕಿಲುಬು, ಉಗುರಿಗೆ ಸಿಗದಷ್ಟು ಗಟ್ಟಿಯಾಗಿ ಕೂತಿದೆ. ಮನೆಗೆ ಬಂದವರೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ಅನ್ನುತ್ತಾರೆ. ಪೂಜೆಯ ಚೊಂಬಿಗೆ ಅದು ಸರಿ. ನಾಣ್ಯದ ಮೈಮೇಲಿನ ಆ ತೆಳುಪದರ ಇನ್ನೂರು ಚಿಲ್ಲರೆ ವರ್ಷದ ಗಾಳಿ, ಬೆವರು, ತೇವ ಸೇರಿ ಕಟ್ಟಿದ್ದು. ಉಜ್ಜಿದರೆ ಅರೆಗಳಿಗೆಯಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಹಳೆಯ ತಾಮ್ರಕ್ಕಷ್ಟೇ ಈ ಸೊಗಸು ಅಂದುಕೊಂಡಿದ್ದೆ, ಅಮೆರಿಕದಲ್ಲಿರುವ ಅಣ್ಣನ ಮಗಳು ಅಲ್ಲಿನ ಸೆಂಟು ನಾಣ್ಯಗಳನ್ನು ತಂದು ಸುರಿಯುವವರೆಗೆ. 1982ರಲ್ಲಿ ತಾಮ್ರ ದುಬಾರಿಯಾಗಿ ಅಮೆರಿಕದವರು ಸೆಂಟಿನ ಒಡಲಿಗೆ ಸತು ಹಾಕಿದರು. ನೂರಕ್ಕೆ ತೊಂಬತ್ತೇಳೂವರೆ ಪಾಲು ಸತು, ಮೇಲೆ ಕೂದಲಿಗಿಂತ ತೆಳುವಾದ ತಾಮ್ರದ ಲೇಪ. ತೂಕವೂ 3.11 ಗ್ರಾಂನಿಂದ 2.5ಕ್ಕೆ ಇಳಿಯಿತು. ಆದರೆ ಬಣ್ಣ! ಒಂದರಲ್ಲಿ ಲಿಂಕನ್ನನ ಕೆನ್ನೆಯ ಸುತ್ತ ಕಿತ್ತಳೆ, ಅದರಾಚೆ ನೇರಳೆ, ಅಂಚಿಗೆ ಬರುತ್ತ ನೀಲಿ. ಮಳೆನೀರಿನ ಮೇಲೆ ಬಿದ್ದ ಪೆಟ್ರೋಲಿನ ಹಾಗೆ, ತಾಮ್ರದ ಮೇಲೆ ಕೂತ ಆಕ್ಸೈಡಿನ ಪದರ ದಪ್ಪವಾದಂತೆ ಬೆಳಕು ಬೇರೆ ಬೇರೆ ಬಣ್ಣದಲ್ಲಿ ಹಿಂದಿರುಗುತ್ತದೆ.

ಇನ್ನೊಂದು ಸೆಂಟು ಅಪ್ಪಟ ಹೊಂಬಣ್ಣದ್ದು. ಅಣ್ಣನ ಮಗಳ ಮನೆಯ ಕರೆಂಟ್ ಒಲೆಯ ಸಂದಿಯಲ್ಲಿ ಸಿಕ್ಕಿತಂತೆ. ಅದನ್ನು ನಾಗಮಂಗಲದಲ್ಲಿ ವಿಗ್ರಹ ಎರಕ ಹೊಯ್ಯುವ ಹಿರಿಯರೊಬ್ಬರ ಅಂಗೈಗೆ ಹಾಕಿದೆ. ತಿರುಗಿಸಿ ನೋಡಿ, "ಕಾವು ಕಂಡದೆ ಸಾ ಇದು. ಸತು ತಾಮ್ರದೊಳಕ್ಕೆ ಇಳುದದೆ. ಈಗ ಇದು ಹಿತ್ತಾಳೆ" ಅಂದರು. ಅವರ ಮೂಸೆಯಲ್ಲಿ ನಡೆಯುವ ತಾಮ್ರ-ಸತುವಿನ ಬೆರಕೆಯೇ ಆ ಸೆಂಟಿನ ಚರ್ಮದಲ್ಲೂ ನಡೆದಿತ್ತು. ಸತು ಕರಗುವುದಕ್ಕೆ 419 ಡಿಗ್ರಿ ಬೇಕು. ಅದಕ್ಕೂ ಮೊದಲೇ, ಘನವಾಗಿದ್ದುಕೊಂಡೇ, ಎರಡೂ ಒಂದರೊಳಗೊಂದು ಹೊಗುತ್ತವೆ. ಅವತ್ತಿನ ಸಂತೋಷ ನನಗೆ ಇನ್ನೂ ಆರಿಲ್ಲ.

ಈ ಸೆಂಟುಗಳ ಆಯಸ್ಸು ಮಾತ್ರ ಕಡಿಮೆ. ಲೇಪ ಒಂದು ಕಡೆ ಗೀರಿ ತೇವ ತಾಗಿದರೆ ಒಳಗಿನ ಸತು ಮೊದಲು ಕರಗುತ್ತದೆ. ಮೈಮೇಲೆ ಬೊಕ್ಕೆ, ಆಮೇಲೆ ಬಿಳಿ ಪುಡಿ. ಪಾಂಡವಪುರದ ಗೆಳೆಯರೊಬ್ಬರು ಪಿವಿಸಿ ಹಾಳೆಯ ಆಲ್ಬಮ್ ಬಿಟ್ಟು ಕಾಗದದ ಲಕೋಟೆಗೆ ಬಂದದ್ದು ಇದೇ ಭಯಕ್ಕೆ. ಪಿವಿಸಿ ಬಿಡುವ ಆಮ್ಲ ತಾಮ್ರಕ್ಕೆ ಅಂಟಂಟು ಹಸಿರು ಹಿಡಿಸುತ್ತದೆ. ನಾನೂ ಲಕೋಟೆಯಲ್ಲೇ ಇಡುತ್ತೇನೆ. ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ.

2025ರ ನವೆಂಬರ್‌ನಲ್ಲಿ ಅಮೆರಿಕ ಚಲಾವಣೆಯ ಸೆಂಟು ಅಚ್ಚು ಹಾಕುವುದನ್ನೇ ನಿಲ್ಲಿಸಿತು. ಅಣ್ಣನ ಮಗಳಿಗೆ ಹೇಳಿದ್ದೇನೆ: ಹೊಳೆಯುವವು ಬೇಡಮ್ಮ, ಬಣ್ಣ ತಿರುಗಿದ್ದು ಸಿಕ್ಕಿದರೆ ತೊಳೆಯದೆ ಎತ್ತಿಡು.