ರೇಖೆಗೆ ದನಿ ಬಂದ ಬಗೆ

ಗೋಡೆಯ ಮೇಲೆ ಇದ್ದಿಲಿನಿಂದ ಗೀಚುವ ಮಕ್ಕಳಿಲ್ಲದ ಮನೆ ಯಾವುದು? ಸುಣ್ಣ ಹೊಡೆಸಿದ ವಾರದೊಳಗೆ ಆನೆ ಕುದುರೆಗಳು ಅದರ ಮೇಲೆ ಮೆರವಣಿಗೆ ಹೊರಟಿರುತ್ತವೆ. ತಾಯಿ ಗದರುತ್ತಾಳೆ, ತಂದೆ ಲೆಕ್ಕದ ಪುಸ್ತಕವನ್ನು ಮುಂದಿಡುತ್ತಾನೆ. ಅನೇಕರ ಚಿತ್ರಕಲೆ ಅಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯಗೊಡದವರಲ್ಲಿ ಮೈಸೂರಿನ ಬಾಲಕನೊಬ್ಬನಿದ್ದನು.

1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಅಕ್ಷರ ಕಲಿಯುವುದಕ್ಕೆ ಮೊದಲೇ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮೈಮರೆಯುತ್ತಿದ್ದರು. ಮನೆಯ ನೆಲ, ಗೋಡೆ, ಬಾಗಿಲುಗಳೇ ಅವರ ಹಲಗೆಗಳಾದುವು. ಶಾಲೆಯಲ್ಲಿ ಬರೆದ ಅರಳಿಯ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿಕೊಂಡರು. ಕಿಟಕಿಯಾಚೆಯ ಒಣಕಡ್ಡಿ, ಹರಿದಾಡುವ ಓತಿಕೇತ, ಸೌದೆ ಸೀಳುವ ಆಳು, ಎದುರುಮನೆಯ ಸೂರಿನ ಮೇಲಣ ಕಾಗೆ, ಇವೇ ಅವರಿಗೆ ನಿತ್ಯಪಾಠ. ಲೋಕವೆಲ್ಲ ಅಟ್ಟುವ ಕಾಗೆಯನ್ನು ಅವರು ಜೀವಮಾನವಿಡೀ ಅಕ್ಕರೆಯಿಂದ ಬರೆದರು.

ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳಲು ತಕ್ಕಷ್ಟು ಪ್ರತಿಭೆ ಈ ಚಿತ್ರಗಳಲ್ಲಿಲ್ಲವೆಂಬ ಉತ್ತರ ಬಂದಿತು. ಎಳೆಯ ಮನಸ್ಸನ್ನು ಮುರಿಯಲು ಅಷ್ಟು ಸಾಲದೆ? ಲಕ್ಷ್ಮಣರು ಮೈಸೂರಿನಲ್ಲಿಯೇ ಬಿ.ಎ. ಓದಿದರು, ಕುಂಚವನ್ನು ಮಾತ್ರ ಕೆಳಗಿಡಲಿಲ್ಲ. ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೆ ನಗೆಚಿತ್ರಗಳನ್ನು ಒದಗಿಸಿದರು. ಕಲಾಶಾಲೆ ಕೊಡದಿದ್ದ ಅಭ್ಯಾಸವನ್ನು ಪತ್ರಿಕೆಯ ಕೆಲಸ ಕೊಟ್ಟಿತು.

ಕೈ ಪಳಗಿದ ಮಾತ್ರಕ್ಕೆ ದನಿ ಬರುವುದಿಲ್ಲ. ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯನ್ನು ಸೇರಿದ ಲಕ್ಷ್ಮಣರು ಮೊದಮೊದಲು ಭಾರತದ ಜನತೆಯನ್ನು ತೋರಿಸಲು ನಾನಾ ಪ್ರಾಂತಗಳ ಉಡುಪು ತೊಟ್ಟ ಗುಂಪನ್ನೇ ಚೌಕಟ್ಟಿನೊಳಗೆ ತುಂಬುತ್ತಿದ್ದರು. ಪ್ರತಿದಿನವೂ ಹೊತ್ತಿಗೆ ಸರಿಯಾಗಿ ಚಿತ್ರ ಮುಗಿಯಬೇಕು; ಅಷ್ಟು ಜನರನ್ನು ಬರೆಯಲು ವ್ಯವಧಾನವೆಲ್ಲಿ? ಒಬ್ಬೊಬ್ಬರನ್ನಾಗಿ ಕೈಬಿಡುತ್ತ ಬಂದರು. ಕೊನೆಗೆ ಉಳಿದವನು ಒಬ್ಬನೇ: ಚೌಕುಳಿಯ ಕೋಟು, ಪಂಚೆ, ಕನ್ನಡಕ, ಮೀಸೆ, ಬೋಳುತಲೆಯ ಅಂಚಿನಲ್ಲಿ ನಾಲ್ಕು ಕೂದಲು. 1951ರಿಂದ ದಶಕಗಳ ಕಾಲ ಓದುಗರಿಗೆ ಪರಿಚಿತನಾದ ಆ ‘ಶ್ರೀಸಾಮಾನ್ಯ’ ಬಾಯಿ ತೆರೆಯುವವನಲ್ಲ. ಸುಮ್ಮನೆ ನಿಂತು ನೋಡುವವನು. ಮಂತ್ರಿಗಳ ಭಾಷಣಕ್ಕಿಂತ ಅವನ ಮೌನವೇ ಜನರಿಗೆ ಹೆಚ್ಚು ಅರ್ಥವಾಯಿತು.

ಜಾಹೀರಾತಿನ ಕಲೆಯಲ್ಲಿಯೂ ಇದೇ ಮಾತು. 1954ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ ಅವರು ಬರೆದ ‘ಗಟ್ಟು’ ಎಂಬ ತುಂಟ ಹುಡುಗನ ಕೈಯಲ್ಲಿ ಬಣ್ಣದ ಡಬ್ಬಿ, ಕುಂಚ. ಹಣೆಯ ಮೇಲೆ ಇಳಿಬಿದ್ದ ಕೂದಲು. ಅಷ್ಟೇ. ಅಕ್ಷರ ಬಾರದವನೂ ದೂರದಿಂದಲೇ ಅವನನ್ನು ಗುರುತಿಸಬಲ್ಲವನಾಗಿದ್ದನು. ಬೇಕಾದುದನ್ನು ಸೇರಿಸುವ ಶಕ್ತಿ ಅಭ್ಯಾಸದಿಂದ ಬರುತ್ತದೆ. ಬೇಡವಾದುದನ್ನು ಬಿಡುವ ಧೈರ್ಯ ಬರಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

2015ರಲ್ಲಿ ಲಕ್ಷ್ಮಣರು ಕಣ್ಮರೆಯಾದರು. ಮನೆಯ ಮಗು ಇದ್ದಿಲು ಹಿಡಿದಾಗ ಗದರುವ ಮುನ್ನ ಹಿರಿಯರು ಒಮ್ಮೆ ಅವರನ್ನು ನೆನೆದರೆ ತಪ್ಪೇನು? ಒಂದು ಕಾಗದ ಕೊಟ್ಟು, ಕಿಟಕಿಯಾಚೆಯ ಕಾಗೆಯನ್ನು ತೋರಿಸಲಿ. ಗೋಡೆಗೆ ಮತ್ತೆ ಸುಣ್ಣ ಹೊಡೆಸಬಹುದು.